ಗಾಳಿ ಮಳೆಯ ಲೆಕ್ಕ ತಪ್ಪದಂತೆ ಹಿಡಿಯುವುದು ಹೇಗೆ: ಮನೆಯಲ್ಲಿ ಹವಾಮಾನ ಕೇಂದ್ರ ಇಟ್ಟವರಿಗೆ ಸಮಗ್ರ ಮಾರ್ಗದರ್ಶಿ

ಪುನರ್ವಸು ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ. ರಾತ್ರಿಯಿಡೀ ಗಾಳಿ, ಸಿಲ್ವರ್ ಓಕ್ ಮರಗಳ ಸದ್ದಿಗೆ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ. ಅಪ್ಪ ಕೊಡೆ ಹಿಡಿದು ಹೋಗಿ ಅಂಗಳದಾಚೆಯ ಹಳೆಯ ಮಳೆ ಗೇಜಿನ ನೀರು ಅಳೆದು ಬಂದರು. 4 ಇಂಚು 12 ಸೆಂಟ್ಸ್. ನಾನು ಮೊಬೈಲ್ ತೆಗೆದು ನೋಡಿದೆ. ಮಾಡಿನ ಮೇಲೆ ಹತ್ತಡಿ ಪೈಪಿಗೆ ಕೂರಿಸಿದ್ದ ಹೊಸ ಹವಾಮಾನ ಕೇಂದ್ರ 3 ಇಂಚು 40 ಸೆಂಟ್ಸ್ ಅಂತ ತೋರಿಸುತ್ತಿತ್ತು. ಹೆಚ್ಚುಕಡಿಮೆ ಮುಕ್ಕಾಲು ಇಂಚು ಮಳೆ ಎಲ್ಲಿ ಹೋಯಿತು?

ಯಂತ್ರ ಕೆಟ್ಟಿದೆ ಅಂತಲೇ ನಂಬಿದ್ದೆ. ಬಿಚ್ಚಿ ತೊಳೆದೆ, ಬ್ಯಾಟರಿ ಬದಲಿಸಿದೆ, ಮತ್ತೆ ಅಲ್ಲೇ ಕೂರಿಸಿದೆ. ಮರುದಿನವೂ ಅದೇ ಕತೆ. ಯಂತ್ರದಲ್ಲಿ ತಪ್ಪಿರಲಿಲ್ಲ, ಇಟ್ಟ ಜಾಗದಲ್ಲಿ ಇತ್ತು. ಅದು ಗೊತ್ತಾಗುವಷ್ಟರಲ್ಲಿ ಒಂದು ಇಡೀ ಮಳೆಗಾಲದ ಲೆಕ್ಕ ಹಾಳಾಗಿತ್ತು. ನಿಮಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಬರೆಯುವುದು ಮಲೆನಾಡಿನ ತೋಟದ ಲೆಕ್ಕದಲ್ಲಿ. ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯನ್ನು ಇವತ್ತಿಗೂ ಇಂಚು-ಸೆಂಟ್ಸ್‌ನಲ್ಲೇ ಹೇಳುತ್ತೇವೆ. ಒಂದು ಇಂಚು ಅಂದರೆ 25.4 ಮಿಲಿಮೀಟರ್, ಅದರ ನೂರನೇ ಒಂದು ಭಾಗ ಒಂದು ಸೆಂಟ್. ಮಾರ್ಚ್‌ನಲ್ಲಿ ಹೂ ಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, 60 ಸೆಂಟ್ಸ್ ಬಿತ್ತೋ 90 ಬಿತ್ತೋ ಅನ್ನುವುದರ ಮೇಲೆ ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಅಂತ ತೀರ್ಮಾನ ಆಗುತ್ತದೆ. ಹಾಗಾಗಿ ನಮಗೆ ಈ ಲೆಕ್ಕ ಸುಮ್ನೆ ಕುತೂಹಲದ ವಿಷಯ ಅಲ್ಲ. ಇನ್ನು ವರ್ಷಕ್ಕೆ 100 ಇಂಚು ಬೀಳುವ ಜಾಗದಲ್ಲಿ 10% ತಪ್ಪಿತು ಅಂದರೆ 10 ಇಂಚು ಲೆಕ್ಕದಿಂದ ಹೋಯಿತು. ಚಳ್ಳಕೆರೆ ಕಡೆಯವರಿಗೆ ಅದು ಅರ್ಧ ವರ್ಷದ ಮಳೆ!

ಗಾಳಿ ಮಳೆಯನ್ನು ಎಲ್ಲಿ ಕದಿಯುತ್ತದೆ

ಕೆಲಸಕ್ಕೆ ಇಳಿಯುವ ಮೊದಲು ಇದೊಂದು ಅರ್ಥವಾಗಬೇಕು. ಇಲ್ಲದಿದ್ದರೆ ಮುಂದೆ ಮಾಡುವುದೆಲ್ಲ ಉಲ್ಟಾ ಆಗುತ್ತದೆ.

"ಗಾಳಿಗೆ ಮಳೆ ಓರೆಯಾಗಿ ಬೀಳುತ್ತದೆ, ಅದಕ್ಕೇ ಗೇಜಿಗೆ ಕಮ್ಮಿ ಸಿಗುತ್ತದೆ" ಅಂತ ಬಹಳ ಜನ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಅದು ತಪ್ಪು. ಮಳೆ ಎಷ್ಟೇ ಓರೆಯಾಗಿ ಬರಲಿ, ಒಂದು ಚದರ ಅಡಿ ನೆಲಕ್ಕೆ ಎಷ್ಟು ನೀರು ಬೀಳುತ್ತದೋ ಮಟ್ಟವಾಗಿ ಇಟ್ಟ ಒಂದು ಚದರ ಅಡಿ ಬಾಯಿಗೂ ಅಷ್ಟೇ ಬೀಳುತ್ತದೆ. ನಮಗೆ ಬೇಕಿರುವುದೂ ಅದೇ ಅಲ್ವಾ, ನೆಲಕ್ಕೆ ಎಷ್ಟು ಬಿತ್ತು ಅನ್ನುವುದು. ಅದಕ್ಕೇ ಗೇಜನ್ನು ಗಾಳಿ ಬರುವ ಕಡೆಗೆ ವಾಲಿಸಿ ಇಡಬೇಡಿ. ವಾಲಿಸಿದರೆ ಗೋಡೆಗೆ ಬಡಿಯುವ ಎರಚಲನ್ನು ಅಳೆದ ಹಾಗೆ, ನೆಲದ ಮಳೆಯನ್ನಲ್ಲ.

ನಿಜವಾದ ತೊಂದರೆ ಗೇಜಿನದ್ದೇ. ಹಳ್ಳದ ನಡುವೆ ಒಂದು ಕಲ್ಲಿದ್ದರೆ ನೀರು ಅದಕ್ಕೆ ಬಡಿದು ಮೇಲೆದ್ದು, ಕಲ್ಲಿನ ನೆತ್ತಿ ಮೇಲೆ ಜೋರಾಗಿ ಹಾರಿ ಹೋಗುತ್ತದೆ, ನೋಡಿರುತ್ತೀರಿ. ಗಾಳಿಗೆ ಅಡ್ಡ ನಿಂತ ಗೇಜಿನ ಬಾಯಿ ಮೇಲೂ ಅದೇ ಆಗುತ್ತದೆ. ಬಾಯೊಳಗೆ ಬೀಳಬೇಕಿದ್ದ ಹನಿಯನ್ನು ಆ ಗಾಳಿ ಎತ್ತಿ ಆಚೆ ಎಸೆಯುತ್ತದೆ. ದಪ್ಪ ಹನಿ ಹೇಗೋ ಒಳಗೆ ಬೀಳುತ್ತದೆ, ಯಾಕಂದರೆ 2 ಮಿಲಿಮೀಟರ್ ದಪ್ಪದ ಹನಿ ಸೆಕೆಂಡಿಗೆ ಸುಮಾರು 6.5 ಮೀಟರ್ ವೇಗದಲ್ಲಿ ಇಳಿಯುತ್ತದೆ. ಅರ್ಧ ಮಿಲಿಮೀಟರ್‌ನ ಸೋನೆ ಹನಿ ಇಳಿಯುವುದು ಸುಮಾರು 2 ಮೀಟರ್ ವೇಗದಲ್ಲಿ. ಗಂಟೆಗೆ 36 ಕಿಲೋಮೀಟರ್ ಗಾಳಿ ಅಂದರೆ ಸೆಕೆಂಡಿಗೆ 10 ಮೀಟರ್. ಅಂದರೆ ಆ ಸಣ್ಣ ಹನಿ ಕೆಳಗೆ ಇಳಿಯುವುದಕ್ಕಿಂತ ಐದು ಪಟ್ಟು ವೇಗವಾಗಿ ಅಡ್ಡಕ್ಕೆ ಓಡುತ್ತಿರುತ್ತದೆ. ಅಂಥದ್ದಕ್ಕೆ ಒಂದು ಸಣ್ಣ ನೂಕು ಸಾಕು. ನಮ್ಮ ಆಷಾಢದ ಮಳೆಯಲ್ಲಿ ಇಂಥ ಸಣ್ಣ ಹನಿಯೇ ಜಾಸ್ತಿ, ಗಾಳಿಯೂ ಜಾಸ್ತಿ.

ಇದೇನೂ ಹೊಸ ಸಂಗತಿ ಅಲ್ಲ. 1766ರ ಜುಲೈನಿಂದ ಒಂದು ವರ್ಷ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ಮೂರು ಗೇಜ್ ಇಟ್ಟು ಅಳೆದರು. ಒಂದು ನೆಲದ ಮಟ್ಟದಲ್ಲಿ, ಒಂದು ಮನೆ ಮಾಡಿನ ಮೇಲೆ, ಇನ್ನೊಂದು ವೆಸ್ಟ್‌ಮಿನ್‌ಸ್ಟರ್ ಅಬೆಯ ಮೇಲೆ. ಕೆಳಗೆ 22.6 ಇಂಚು, ಮಾಡಿನ ಮೇಲೆ 18.1, ಅಬೆಯ ಮೇಲೆ ಬರೀ 12.1. ಹನಿ ಕೆಳಗಿಳಿಯುತ್ತಾ ದಪ್ಪ ಆಗುತ್ತದೆಯೇನೋ ಅಂತೆಲ್ಲ ಜನ ತಲೆ ಕೆಡಿಸಿಕೊಂಡಿದ್ದರು. ಕಡೆಗೆ 1861ರಲ್ಲಿ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್, ಇದು ಗೇಜಿನ ಸುತ್ತ ಗಾಳಿ ಮಾಡುವ ಕೆಲಸ ಅಂತ ವಿವರಿಸಿದರು. ನಮ್ಮ ಮನೆ ಮಾಡಿನ ಮೇಲೆ ಆಗಿದ್ದು ಅದೇ, ಅಷ್ಟೇ.

ವಿಶ್ವ ಹವಾಮಾನ ಸಂಸ್ಥೆಯ ಕೈಪಿಡಿ ಗಾಳಿಯಿಂದ ತಪ್ಪುವ ಮಳೆ ಸಾಮಾನ್ಯವಾಗಿ 2ರಿಂದ 10% ಅನ್ನುತ್ತದೆ. ಮಾಡಿನ ಮೇಲೆ, ಗುಡ್ಡದ ನೆತ್ತಿಯಲ್ಲಿ ಇಟ್ಟರೆ ಅದಕ್ಕಿಂತ ಜಾಸ್ತಿಯೂ ಆಗಬಹುದು.

1. ಗಾಳಿ ಯಂತ್ರವನ್ನೂ ಮಳೆ ಗೇಜನ್ನೂ ಬೇರೆ ಮಾಡಿ

ಗಾಳಿ ಅಳೆಯುವುದಕ್ಕೆ ಎತ್ತರ ಬೇಕು, ಮಳೆ ಅಳೆಯುವುದಕ್ಕೆ ತಗ್ಗು ಬೇಕು. ಎರಡನ್ನೂ ಒಂದೇ ಕಂಬಕ್ಕೆ ಕಟ್ಟಿದರೆ ಒಂದು ಕೆಡಲೇಬೇಕು. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಮನೆ ಕೇಂದ್ರಗಳು ಎಲ್ಲವನ್ನೂ ಒಂದೇ ತಲೆಯಲ್ಲಿ ಜೋಡಿಸಿರುತ್ತವೆ. ನೋಡೋಕೆ ಚೆಂದ, ಕೂರಿಸುವುದೂ ಸುಲಭ. ಗಾಳಿ ಇಲ್ಲದ ಊರಲ್ಲಿ ನಡೆಯುತ್ತದೆ. ಘಟ್ಟದ ಅಂಚಿನಲ್ಲಿ ನಡೆಯುವುದಿಲ್ಲ.

ಇನ್ನೂ ಕೊಂಡಿಲ್ಲ ಅಂದರೆ ಮಳೆ ಗೇಜ್ ಪ್ರತ್ಯೇಕವಾಗಿ, ತನ್ನದೇ ಬ್ಯಾಟರಿಯ ವೈರ್‌ಲೆಸ್ ಆಗಿ ಬರುವ ಮಾದರಿ ತಗೊಳ್ಳಿ. ಈಗಾಗಲೇ ಒಂದೇ ತಲೆಯದ್ದು ಇದ್ದರೆ ಅದನ್ನು ಗಾಳಿ, ಬಿಸಿಲು, ತೇವಕ್ಕೆ ಮೇಲೆ ಬಿಟ್ಟು, ಅದೇ ಕಂಪನಿಯ ಬಿಡಿ ಮಳೆ ಗೇಜ್ ಸಿಗುತ್ತದಾ ಅಂತ ನೋಡಿ. ಹೆಚ್ಚಿನ ಕಂಪನಿಗಳು ಮಾರುತ್ತವೆ. ತಂತ್ರಾಂಶದಲ್ಲಿ ಮಳೆಯ ಲೆಕ್ಕ ಯಾವುದರಿಂದ ಬರಬೇಕು ಅಂತ ಆರಿಸುವ ಜಾಗ ಇರುತ್ತದೆ, ಅದನ್ನು ಮರೆಯದೆ ಬದಲಿಸಿ.

ಹನಿ ಬಡಿಯುವ ಪೆಟ್ಟನ್ನು ಹಿಡಿದು ಮಳೆ ಅಂದಾಜು ಮಾಡುವ, ಅಲುಗಾಡುವ ಭಾಗವೇ ಇಲ್ಲದ ಸೆನ್ಸರ್‌ಗಳು ಈಗ ಬಂದಿವೆ. ಮಳೆ ಶುರುವಾಯಿತು ಅಂತ ತಕ್ಷಣ ಹೇಳುವುದಕ್ಕೆ ಅವು ಒಳ್ಳೆಯವು. ಆದರೆ ಸೋನೆಯ ಸಣ್ಣ ಹನಿ ಅವಕ್ಕೆ ಸರಿಯಾಗಿ ತಟ್ಟುವುದಿಲ್ಲ, ಗಾಳಿಗೆ ಕಂಬ ನಡುಗಿದರೆ ಇಲ್ಲದ ಮಳೆಯನ್ನೂ ತೋರಿಸಬಹುದು. ವರ್ಷದ ಒಟ್ಟು ಲೆಕ್ಕವನ್ನು ಅದಕ್ಕೆ ಒಪ್ಪಿಸಲು ನನಗೆ ಮನಸ್ಸಿಲ್ಲ. ಟಿಪ್ಪಿಂಗ್ ಬಕೆಟ್ ಇರುವುದೇ ಬೇಕು. ಅದರ ಒಳಗೆ ಏತದ ಹಾಗೆ ಅತ್ತಿತ್ತ ವಾಲುವ ಎರಡು ಪುಟ್ಟ ಬಟ್ಟಲು ಇರುತ್ತವೆ. ಒಂದು ತುಂಬಿದ ಕೂಡಲೇ ಟಕ್ ಅಂತ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಆಲಿಕೆಯ ಕೆಳಗೆ ಬರುತ್ತದೆ. ಒಂದು ಟಕ್ ಅಂದರೆ ಮಾದರಿಗೆ ತಕ್ಕಂತೆ 0.1, 0.2 ಅಥವಾ 0.254 ಮಿಲಿಮೀಟರ್.

2. ಜಾಗ ಹುಡುಕಿ

ಇದಕ್ಕೆ ಒಂದು ಇಡೀ ದಿನ ಕೊಡಿ. ಉಳಿದ ಎಲ್ಲ ಹೆಜ್ಜೆಗಿಂತ ಇದೇ ಮುಖ್ಯ.

ನಿಯಮ ಸರಳ. ಸುತ್ತಲಿನ ಮರ, ಮನೆ, ಕೊಟ್ಟಿಗೆ, ಏನೇ ಇರಲಿ, ಅದು ಗೇಜಿನ ಬಾಯಿಗಿಂತ ಎಷ್ಟು ಎತ್ತರ ಇದೆಯೋ ಅದರ ಎರಡು ಪಟ್ಟಾದರೂ ದೂರದಲ್ಲಿ ಇರಬೇಕು. ನಾಲ್ಕು ಪಟ್ಟು ಇದ್ದರೆ ಇನ್ನೂ ಒಳ್ಳೆಯದು. 20 ಮೀಟರ್‌ನ ಸಿಲ್ವರ್ ಓಕ್ ಇದ್ದರೆ 40 ಮೀಟರ್ ದೂರ. ತೋಟದೊಳಗೆ ಇಷ್ಟು ಜಾಗ ಸಿಗುವುದು ಕಷ್ಟ ಅಂತ ಗೊತ್ತು. ಹಾಗೆ ಅಂತ ಸಿಕ್ಕ ಬಯಲಿನ ಮಧ್ಯ, ಗಾಳಿ ನೇರ ಬಡಿಯುವ ಕಡೆ ಇಟ್ಟರೂ ಕೆಲಸ ಕೆಟ್ಟಿತು. ಮರ ತೀರಾ ಹತ್ತಿರ ಇದ್ದರೆ ಅದು ಮಳೆಯನ್ನೇ ತಡೆಯುತ್ತದೆ, ಇಲ್ಲವೇ ಮಳೆ ನಿಂತ ಮೇಲೂ ಎಲೆಯಿಂದ ತೊಟ್ಟಿಕ್ಕಿ ಲೆಕ್ಕ ಉಬ್ಬಿಸುತ್ತದೆ. ಮರವೇ ಇಲ್ಲದ ಬೋಳು ದಿಬ್ಬದಲ್ಲಿ ಗಾಳಿ ಕದಿಯುತ್ತದೆ. ಬೇಕಿರುವುದು ಇವೆರಡರ ನಡುವಿನದು: ಸುತ್ತ ಗಿಡಮರಗಳ ಬೇಲಿ ಇದ್ದು, ಅದು ಸಾಕಷ್ಟು ಹಿಂದೆ ಸರಿದಿರುವ ತೆರೆದ ಜಾಗ.

ನಮ್ಮ ತೋಟಗಳಲ್ಲಿ ಅಂಥ ಜಾಗ ಸಾಮಾನ್ಯವಾಗಿ ಕಾಫಿ ಒಣಗಿಸುವ ಕಣದ ಪಕ್ಕದಲ್ಲಿ ಇರುತ್ತದೆ. ಕಣದ ಮೇಲೆ ಅಲ್ಲ, ಪಕ್ಕದಲ್ಲಿ. ಸಿಮೆಂಟ್ ನೆಲದಿಂದ ಹನಿ ಚಿಮ್ಮಿ ಗೇಜಿನೊಳಗೆ ಬೀಳುತ್ತದೆ. ಕಣದ ಅಂಚಿನ ಹುಲ್ಲು ಇರುವ ಕಡೆ ನೋಡಿ. ಬೋಳು ಮಣ್ಣಿನಲ್ಲಿ ಎಷ್ಟು ಚಿಮ್ಮುತ್ತದೆ ಅಂತ ತಿಳಿಯಬೇಕಾದರೆ ಮಳೆಗಾಲದಲ್ಲಿ ಸುಣ್ಣ ಬಳಿದ ಗೋಡೆಯ ಬುಡ ನೋಡಿ. ಕೆಮ್ಮಣ್ಣಿನ ಚುಕ್ಕೆಗಳು ಬುಡದಲ್ಲಿ ಒತ್ತೊತ್ತಾಗಿ, ಮೇಲೆ ಹೋದಂತೆ ವಿರಳವಾಗಿ, ಒಂದು ಎತ್ತರಕ್ಕೆ ಬಂದು ನಿಂತಿರುತ್ತವೆ. ನಮ್ಮ ಮನೆ ಗೋಡೆಯಲ್ಲಿ ಅದು ಮೊಣಕಾಲಿನವರೆಗೂ ಇದೆ. ಅದೇ ನೆಲದಲ್ಲಿ ಹುಲ್ಲು ಬೆಳೆದಿದ್ದರೆ ಚುಕ್ಕೆ ಕಾಣುವುದೇ ಅಪರೂಪ.

ಜಾಗ ಪರೀಕ್ಷೆಗೆ ಒಂದು ಸುಲಭ ದಾರಿ ಇದೆ. ಗಾಳಿ ಬೀಸುವ ದಿನ ನಾಲ್ಕೈದು ಕೋಲಿಗೆ ಒಂದಡಿ ಎತ್ತರದಲ್ಲಿ ತೆಳು ಪ್ಲಾಸ್ಟಿಕ್ ಪಟ್ಟಿ ಕಟ್ಟಿ ಬೇರೆ ಬೇರೆ ಕಡೆ ನೆಡಿ. ಅರ್ಧ ಗಂಟೆ ನಿಂತು ನೋಡಿ. ಪಟ್ಟಿ ನೆಟ್ಟಗೆ ಚಾಚಿಕೊಂಡೇ ಇರುವ ಕಡೆ ಬೇಡ. ಒಂದು ಕ್ಷಣ ಅತ್ತ, ಒಂದು ಕ್ಷಣ ಇತ್ತ ಸುತ್ತುವ ಕಡೆಯೂ ಬೇಡ, ಅಲ್ಲಿ ಕಟ್ಟಡದ ಮೂಲೆಯಿಂದ ಸುಳಿಗಾಳಿ ಬರುತ್ತಿದೆ ಅಂತ ಅರ್ಥ. ಸೋಮಾರಿಯಾಗಿ ಜೋತುಬಿದ್ದು ಆಗಾಗ ಮಾತ್ರ ಅಲುಗಾಡುವ ಕಡೆ ನಿಮ್ಮ ಜಾಗ.

3. ಬಾಯಿ ನೆಲದಿಂದ ಒಂದಡಿ

ಭಾರತೀಯ ಹವಾಮಾನ ಇಲಾಖೆ ತನ್ನ ಸಾಮಾನ್ಯ ಮಳೆ ಗೇಜಿನ ಬಾಯಿಯನ್ನು ನೆಲದಿಂದ 30 ಸೆಂಟಿಮೀಟರ್ ಎತ್ತರಕ್ಕೆ ಇಡುತ್ತದೆ. ನೀವೂ ಅಷ್ಟೇ ಇಡಿ. ಕತ್ತರಿಸಿದ ಹುಲ್ಲಿನ ಬಯಲಿನಲ್ಲಿ 10 ಮೀಟರ್ ಎತ್ತರದ ಗಾಳಿಯ ವೇಗ ನೆಲದಿಂದ ಒಂದಡಿಗೆ ಬರುವಷ್ಟರಲ್ಲಿ ಅರ್ಧಕ್ಕಿಂತ ಕಡಿಮೆ ಆಗಿರುತ್ತದೆ. ಇನ್ನೂ ಕೆಳಗೆ ಇಟ್ಟರೆ ಗಾಳಿ ಇನ್ನೂ ಕಮ್ಮಿ, ಆದರೆ ನೆಲದಿಂದ ಚಿಮ್ಮುವ ನೀರು ಒಳಗೆ ಬರುತ್ತದೆ. ಒಂದಡಿ ಅನ್ನುವುದು ಈ ಎರಡರ ನಡುವಿನ ರಾಜಿ.

ಹೊರದೇಶದ ಕೇಂದ್ರಗಳ ಜೊತೆ ಬರುವ ಪುಸ್ತಕದಲ್ಲಿ ಇದಕ್ಕಿಂತ ಎತ್ತರ ಹೇಳಿರಬಹುದು. ಹಿಮ ಬೀಳುವ ಕಡೆ ಅದಕ್ಕೆ ಅವರದ್ದೇ ಕಾರಣ ಇದೆ. ನಮಗೆ ಆ ತೊಂದರೆ ಇಲ್ಲ.

ಬುಡ ಗಟ್ಟಿ ಇರಲಿ. ನಾನು ಮಾಡಿದ್ದು ಹೀಗೆ: ಎರಡಡಿ ಗುಂಡಿ ತೋಡಿ, ಜಿ.ಐ. ಪೈಪ್ ತುಂಡು ನಿಲ್ಲಿಸಿ, ಸುತ್ತ ಕಾಂಕ್ರೀಟ್ ತುಂಬಿಸಿದೆ. ಕಾಂಕ್ರೀಟ್ ನೆಲದಿಂದ ಮೇಲೆ ಬರದಂತೆ ನಾಲ್ಕು ಬೆರಳು ಕೆಳಗೇ ನಿಲ್ಲಿಸಿ ಮೇಲೆ ಮಣ್ಣು, ಹುಲ್ಲು ಮುಚ್ಚಿದೆ. ಪೈಪಿನ ತುದಿಗೆ ತಗಡಿನ ಚಪ್ಪಟೆ ಹಲಗೆ ಬೆಸುಗೆ ಹಾಕಿಸಿ, ಮೂರು ಬೋಲ್ಟ್‌ಗಳ ಮೇಲೆ ಗೇಜ್ ಕೂರಿಸಿದೆ. ಮೂರೇ ಬೋಲ್ಟ್, ನಾಲ್ಕಲ್ಲ. ಮೂರು ಕಾಲಿನ ಮೇಲೆ ಮಟ್ಟ ಸರಿಮಾಡುವುದು ಸುಲಭ.

ತಗ್ಗಿನಲ್ಲಿ ಇಟ್ಟ ಮೇಲೆ ಬೇರೆ ಕಾಟ ಶುರುವಾಗುತ್ತದೆ, ನಿಜ. ನಾಯಿ ಎಡವುತ್ತದೆ, ದನ ಮೈ ಉಜ್ಜುತ್ತದೆ, ಹುಲ್ಲು ಕತ್ತರಿಸುವ ಯಂತ್ರದ ದಾರ ತಗಲುತ್ತದೆ. ಸುತ್ತ ಎರಡು ಸಾಲು ತಂತಿ ಬೇಲಿ ಸಾಕು, ತಗಡು ಬೇಡ. ವೈರ್‌ಲೆಸ್ ಸಿಗ್ನಲ್ ಕೂಡ ನೆಲದ ಹತ್ತಿರ ದುರ್ಬಲ ಆಗುತ್ತದೆ, ನೆನೆದ ಕಾಫಿ ಗಿಡಗಳ ನಡುವೆ ಇನ್ನೂ ದುರ್ಬಲ. ಡಬ್ಬದ ಮೇಲೆ ಬರೆದ ದೂರ ಬಯಲಿನದ್ದು, ಅದನ್ನು ಅರ್ಧಕ್ಕೆ ಇಳಿಸಿ ಲೆಕ್ಕ ಹಾಕಿ. ಕಾಂಕ್ರೀಟ್ ಹಾಕುವ ಮೊದಲು ಎರಡು ದಿನ ಗೇಜನ್ನು ಅಲ್ಲಿ ಹಾಗೇ ಇಟ್ಟು ಸಿಗ್ನಲ್ ಬರುತ್ತದಾ ನೋಡಿ.

4. ರಸಮಟ್ಟ ಇಟ್ಟು ನೋಡಿ

ಗಾರೆ ಕೆಲಸದವರ ಹತ್ತಿರ ಇರುವ ರಸಮಟ್ಟ ತಗೊಂಡು ಆಲಿಕೆಯ ಬಾಯಿ ಮೇಲೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಇಡಿ. ಗುಳ್ಳೆ ಎರಡೂ ಸಲ ಮಧ್ಯಕ್ಕೆ ಬರಬೇಕು.

ಇದು ಗಾಳಿ ಇರುವ ಕಡೆ ಯಾಕೆ ಇಷ್ಟು ಮುಖ್ಯ ಅಂದರೆ, ನೆಟ್ಟಗೆ ಬೀಳುವ ಮಳೆಗೆ ಬಾಯಿ 2 ಡಿಗ್ರಿ ವಾಲಿದ್ದರೂ ಹಿಡಿಯುವ ನೀರಿನಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಆದರೆ ಸೆಕೆಂಡಿಗೆ 10 ಮೀಟರ್ ಗಾಳಿಯಲ್ಲಿ 2 ಮಿಲಿಮೀಟರ್ ಹನಿ ನೆಟ್ಟಗಿನ ಗೆರೆಯಿಂದ ಸುಮಾರು 57 ಡಿಗ್ರಿ ಓರೆಯಾಗಿ ಬರುತ್ತದೆ. ಆಗ ಅದೇ 2 ಡಿಗ್ರಿ ವಾಲಿಕೆ 5% ತಪ್ಪು ತರುತ್ತದೆ. ಗಾಳಿಯ ಕಡೆಗೆ ವಾಲಿದ್ದರೆ ಜಾಸ್ತಿ, ಆಚೆ ಕಡೆ ವಾಲಿದ್ದರೆ ಕಮ್ಮಿ. ನಮ್ಮಲ್ಲಿ ಮುಂಗಾರಿನ ಗಾಳಿ ತಿಂಗಳುಗಟ್ಟಲೆ ಪಶ್ಚಿಮದ ಕಡೆಯಿಂದಲೇ ಬೀಸುತ್ತದೆ. ಹಾಗಾಗಿ ಈ ತಪ್ಪು ಒಂದು ದಿನ ಹೆಚ್ಚು, ಒಂದು ದಿನ ಕಮ್ಮಿ ಆಗಿ ಸರಿಹೋಗುವುದಿಲ್ಲ, ಒಂದೇ ಕಡೆಗೆ ಸೇರುತ್ತಾ ಹೋಗುತ್ತದೆ.

ಮಳೆಗಾಲದಲ್ಲಿ ನೆಲ ಮೆತ್ತಗಾಗಿ ಕಂಬ ವಾಲುತ್ತದೆ. ತಿಂಗಳಿಗೊಮ್ಮೆ ರಸಮಟ್ಟ ಇಟ್ಟು ನೋಡಿ.

5. ಇನ್ನೂ ಗಾಳಿ ಇದ್ದರೆ ತಡೆ ಕಟ್ಟಿ

ಕೆಲವರ ಮನೆ ಇರುವುದೇ ದಿಬ್ಬದ ಮೇಲೆ, ತಗ್ಗಿನ ಜಾಗವೇ ಇಲ್ಲ. ಅವರಿಗೆ ಎರಡು ದಾರಿ.

ಒಂದು ಹುಲ್ಲಿನ ಒಡ್ಡು. ಗೇಜಿನ ಸುತ್ತ 1.5 ಮೀಟರ್ ದೂರದಲ್ಲಿ ಬಳೆಯ ಹಾಗೆ ಒಂದಡಿ ಎತ್ತರದ ಮಣ್ಣಿನ ಒಡ್ಡು ಹಾಕಿ. ಒಡ್ಡಿನ ನೆತ್ತಿ ಗೇಜಿನ ಬಾಯಿಗೆ ಸಮ ಇರಬೇಕು, ಮೇಲೆ ಬೇಡ. ಒಳಮೈ ನೆಟ್ಟಗಿರಲಿ, ಹೊರಮೈ ನಿಧಾನ ಇಳಿಜಾರಾಗಿರಲಿ, ಅಡಿ ಎತ್ತರಕ್ಕೆ ನಾಲ್ಕಡಿ ಉದ್ದ. ಗಾಳಿ ಆ ಇಳಿಜಾರು ಹತ್ತಿ ಗೇಜಿನ ಮೇಲಿಂದ ಹಾದು ಹೋಗುತ್ತದೆ. ಬ್ರಿಟನ್ನಿನಲ್ಲಿ ಗಾಳಿ ಹೆಚ್ಚಿರುವ ಕಡೆ ಇದನ್ನು ಬಹಳ ಕಾಲದಿಂದ ಮಾಡುತ್ತಾ ಬಂದಿದ್ದಾರೆ. ನಮ್ಮಲ್ಲಿ ಮಾಡುವಾಗ ಒಂದು ಮಾತು ನೆನಪಿಡಿ: ಒಡ್ಡಿನೊಳಗಿನ ನೀರು ಹೊರಗೆ ಹೋಗಲು ಕೆಳಗೆ ಪೈಪ್ ಇಡಲೇಬೇಕು. ಇಲ್ಲದಿದ್ದರೆ ಒಂದೇ ರಾತ್ರಿಗೆ ಅದು ಕೆರೆ.

ಇನ್ನೊಂದು ಶೇಡ್ ನೆಟ್. ಕಾಫಿ ನರ್ಸರಿಗೆ ಹಾಕುವ 50% ನೆಟ್ ಇರುತ್ತದಲ್ಲ, ಅದನ್ನೇ ಗೂಟಗಳಿಗೆ ಬಿಗಿಯಾಗಿ ಎಳೆದು ಕಟ್ಟಿ, ಗೇಜಿನಿಂದ ಅದೇ 1.5 ಮೀಟರ್ ದೂರದಲ್ಲಿ, ಮೇಲಂಚು ಗೇಜಿನ ಬಾಯಿಗೆ ಸಮನಾಗಿ. ಅರ್ಧ ಗಾಳಿ ತೂರಿ ಹೋಗಬೇಕು, ಅರ್ಧ ನಿಲ್ಲಬೇಕು. ತಗಡು ಅಥವಾ ಇಟ್ಟಿಗೆ ಗೋಡೆ ಕಟ್ಟಿದರೆ ಅದರ ಹಿಂದೆ ಸುಳಿ ಏಳುತ್ತದೆ, ಅದು ಗಾಳಿಗಿಂತ ಕೆಟ್ಟದ್ದು. ಹವಾಮಾನ ಕೇಂದ್ರಗಳಲ್ಲಿ ಗೇಜಿನ ಸುತ್ತ ತೂಗಾಡುವ ಲೋಹದ ಪಟ್ಟಿಗಳ ಬಳೆ ನೋಡಿರಬಹುದು, ಅದಕ್ಕೆ ಆಲ್ಟರ್ ಶೀಲ್ಡ್ ಅನ್ನುತ್ತಾರೆ, 1937ರಿಂದ ಬಳಕೆಯಲ್ಲಿದೆ. ಮನೆಯಲ್ಲಿ ಅದನ್ನು ಮಾಡಿಸಬಹುದು, ಆದರೆ ಒಡ್ಡಿನ ಕೆಲಸ ಅಗ್ಗ.

ಗೇಜಿನ ಬಾಯಿಯನ್ನೇ ನೆಲದ ಮಟ್ಟಕ್ಕೆ ಇಳಿಸಿ, ಗುಂಡಿಯೊಳಗೆ ಕೂರಿಸಿ, ಮೇಲೆ ಹನಿ ಚಿಮ್ಮದ ಹಾಗೆ ಜಾಲರಿ ಹಾಕುವ ಪದ್ಧತಿಯೂ ಇದೆ. ಮಳೆ ಅಳೆಯುವುದಕ್ಕೆ ಅದಕ್ಕಿಂತ ನಿಖರವಾದದ್ದು ಇಲ್ಲ, ಬೇರೆ ಗೇಜುಗಳನ್ನು ಅದರ ಜೊತೆ ಹೋಲಿಸಿ ನೋಡುತ್ತಾರೆ. ಆದರೆ ಮಲೆನಾಡಿನ ಗುಂಡಿಯಲ್ಲಿ ಒರತೆ ಬರುತ್ತದೆ. ಇಳಿಜಾರು ಇದ್ದು ಕಾಲುವೆ ಕಡಿಯಲು ಆಗುವವರು ಮಾತ್ರ ಇದಕ್ಕೆ ಕೈ ಹಾಕಿ.

6. ಗಾಳಿ ಇಲ್ಲದ ಕಡೆ ಕೂತು ಯಂತ್ರ ಪರೀಕ್ಷಿಸಿ

ಗೇಜನ್ನು ಮನೆಯೊಳಗೆ ತನ್ನಿ. ಮೇಜಿನ ಮೇಲೆ ಮಟ್ಟವಾಗಿ ಇಡಿ. ಆಲಿಕೆಯ ಬಾಯಿಯ ಒಳ ಅಗಲವನ್ನು ಎರಡು ಕಡೆಯಿಂದ ಅಳೆದು ಸರಾಸರಿ ತೆಗೆಯಿರಿ. ಅಗಲವನ್ನು ಅಗಲದಿಂದಲೇ ಗುಣಿಸಿ, 0.785ರಿಂದ ಗುಣಿಸಿದರೆ ಬಾಯಿಯ ವಿಸ್ತೀರ್ಣ. 16 ಸೆಂಟಿಮೀಟರ್ ಅಗಲ ಇದ್ದರೆ 201 ಚದರ ಸೆಂಟಿಮೀಟರ್. ಇದರಲ್ಲಿ 1 ಮಿಲಿಮೀಟರ್ ಮಳೆ ಅಂದರೆ 20.1 ಮಿಲಿಲೀಟರ್ ನೀರು. ಒಂದು ಲೀಟರ್ ಹಾಕಿದರೆ 49.8 ಮಿಲಿಮೀಟರ್ ತೋರಿಸಬೇಕು. ಟಕ್‌ಗೆ 0.2 ಮಿಲಿಮೀಟರ್ ಆದರೆ 249 ಟಕ್.

ನೀರನ್ನು ಬಾಟಲಿಯ ಗೆರೆ ನೋಡಿ ಅಳೆಯಬೇಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಸರಿಯಾಗಿ 1000 ಗ್ರಾಂ ತೂಗಿ. ಒಮ್ಮೆಲೇ ಸುರಿಯಲೂ ಬಾರದು. ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ಸಣ್ಣ ತೂತು ಮಾಡಿ, ಬುಡಕ್ಕೂ ಗಾಳಿ ಹೋಗಲು ಒಂದು ತೂತು ಮಾಡಿ, ತಲೆಕೆಳಗೆ ತೂಗುಹಾಕಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಡ್ರಿಪ್ ಸೆಟ್ ಇದ್ದರೆ ಇನ್ನೂ ಸಲೀಸು, ಗಾಲಿ ತಿರುಗಿಸಿ ವೇಗ ಹಿಡಿತದಲ್ಲಿ ಇಡಬಹುದು. ಒಂದು ಲೀಟರ್ ಇಳಿಯಲು ಒಂದು ಗಂಟೆ ಹಿಡಿಯಬೇಕು, ಅದು ಗಂಟೆಗೆ ಎರಡು ಇಂಚಿನ ಜೋರು ಮಳೆಗೆ ಸಮ. ಶುರು ಮಾಡುವ ಮೊದಲು ಆಲಿಕೆ, ಬಟ್ಟಲು ಎರಡನ್ನೂ ಒದ್ದೆ ಮಾಡಿಕೊಳ್ಳಿ, ಇಲ್ಲದಿದ್ದರೆ ಒಣ ಮೈ ಸ್ವಲ್ಪ ನೀರು ಕುಡಿಯುತ್ತದೆ.

ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. 2%ರೊಳಗೆ ಬಂದರೆ ಮುಟ್ಟಬೇಡಿ. ಅದಕ್ಕಿಂತ ಜಾಸ್ತಿ ಆದರೆ ಬಟ್ಟಲಿನ ಕೆಳಗಿನ ಸ್ಕ್ರೂ ಕಾಲು ಸುತ್ತು ತಿರುಗಿಸಿ ಮತ್ತೆ ಪರೀಕ್ಷಿಸಿ, ಅಥವಾ ತಂತ್ರಾಂಶದಲ್ಲಿ ಗುಣಕ, ಅಂದರೆ ಯಂತ್ರದ ಅಂಕಿಯನ್ನು ಗುಣಿಸುವ ಸಂಖ್ಯೆ, ಬದಲಿಸಿ. ಆಮೇಲೆ ಅದೇ ಒಂದು ಲೀಟರನ್ನು ಕಾಲು ಗಂಟೆಯಲ್ಲಿ ಹರಿಸಿ ನೋಡಿ. ಈಗ ಲೆಕ್ಕ ಕಮ್ಮಿ ಬಂದರೆ ಆಶ್ಚರ್ಯ ಬೇಡ. ಬಟ್ಟಲು ವಾಲುವ ಆ ಕ್ಷಣದಲ್ಲೂ ಆಲಿಕೆಯಿಂದ ನೀರು ಬೀಳುತ್ತಲೇ ಇರುತ್ತದೆ, ಅದು ಲೆಕ್ಕಕ್ಕೆ ಸಿಗುವುದಿಲ್ಲ. ಎಷ್ಟು ಕಮ್ಮಿ ಅಂತ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

7. ಪಕ್ಕದಲ್ಲಿ ಒಂದು ಕೈ ಗೇಜ್ ಇರಲೇಬೇಕು

ಬ್ಯಾಟರಿ ಇಲ್ಲದ, ಅಲುಗಾಡುವ ಭಾಗ ಇಲ್ಲದ, ಬರೀ ನೀರು ತುಂಬಿಕೊಳ್ಳುವ ಗೇಜ್. ಹಳೆಯ ತೋಟಗಳಲ್ಲಿ 5 ಇಂಚು ಬಾಯಿಯ ಸೈಮನ್ಸ್ ಗೇಜ್ ಎಲ್ಲಾದರೂ ಮೂಲೆಯಲ್ಲಿ ಬಿದ್ದಿರುತ್ತದೆ, ಹುಡುಕಿ ತೊಳೆಯಿರಿ. ಅದಕ್ಕೆ ಹೊಂದುವ ಅಳತೆ ಗ್ಲಾಸ್ ಒಡೆದಿದ್ದರೆ ಬೇರೆ ಅಗಲದ ಗೇಜಿನ ಗ್ಲಾಸ್ ಬಳಸಬೇಡಿ, ಲೆಕ್ಕ ಪೂರ್ತಿ ತಪ್ಪುತ್ತದೆ. ಮಿಲಿಲೀಟರ್‌ನಲ್ಲಿ ಅಳೆದು ಮೇಲೆ ಹೇಳಿದ ಹಾಗೆ ಲೆಕ್ಕ ಹಾಕಿ, 5 ಇಂಚು ಬಾಯಿಗೆ 12.7 ಮಿಲಿಲೀಟರ್ ಅಂದರೆ 1 ಮಿಲಿಮೀಟರ್. ಹಳೆಯದು ಸಿಗದಿದ್ದರೆ 4 ಇಂಚು ಬಾಯಿಯ ಪ್ಲಾಸ್ಟಿಕ್ ಗೇಜ್ ಬರುತ್ತದೆ. ಒಳಗೆ ಬಾಯಿಯ ಹತ್ತನೇ ಒಂದು ವಿಸ್ತೀರ್ಣದ ಕೊಳವೆ ಇರುವುದರಿಂದ ಒಂದು ಸೆಂಟ್ ಮಳೆಯೂ ಕಣ್ಣಿಗೆ ಸ್ಪಷ್ಟ ಕಾಣುತ್ತದೆ. ಅದು ತುಂಬಿದರೆ ಉಳಿದದ್ದು ಹೊರಗಿನ ಪಾತ್ರೆಗೆ ಇಳಿಯುತ್ತದೆ.

ಎರಡು ಗೇಜುಗಳ ನಡುವೆ ಐದಾರು ಅಡಿ ಅಂತರ ಇರಲಿ, ಬಾಯಿ ಒಂದೇ ಎತ್ತರದಲ್ಲಿರಲಿ. ಓದುವಾಗ ಕಣ್ಣು ನೀರಿನ ಮಟ್ಟಕ್ಕೆ ಬರುವಂತೆ ಕೂತು, ನೀರಿನ ಮೇಲ್ಮೈಯ ಬಾಗಿನ ತಳ ನೋಡಿ ಬರೆಯಿರಿ.

ಸಮಯ ಬೆಳಿಗ್ಗೆ 8:30. ಇಲಾಖೆಯ ಮಳೆ ದಿನ 8:30ರಿಂದ ಮರುದಿನ 8:30ರವರೆಗೆ. ನಿಮ್ಮ ಕೇಂದ್ರ ಮಾತ್ರ ರಾತ್ರಿ 12ಕ್ಕೆ ಲೆಕ್ಕ ಸೊನ್ನೆ ಮಾಡುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಎರಡು ಸರಿಯಾದ ಗೇಜುಗಳನ್ನು ಹೋಲಿಸಿ ಒಂದು ಕೆಟ್ಟಿದೆ ಅಂತ ತೀರ್ಮಾನಿಸುತ್ತಾರೆ. ತಂತ್ರಾಂಶದಲ್ಲಿ ಮಳೆ ದಿನ ಶುರುವಾಗುವ ಹೊತ್ತು ಬದಲಿಸಲು ಬಂದರೆ ಬದಲಿಸಿ. ಬರದಿದ್ದರೆ ಪ್ರತಿ ಬೆಳಿಗ್ಗೆ 8:30ಕ್ಕೆ ವರ್ಷದ ಒಟ್ಟು ಮೊತ್ತ ಬರೆದುಕೊಂಡು ನಿನ್ನೆಯದನ್ನು ಕಳೆಯಿರಿ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳಲ್ಲಿ ಇಟ್ಟಿರುವ ಗೇಜುಗಳ ಲೆಕ್ಕ ನೋಡುವಾಗಲೂ ಇದೇ 8:30 ನೆನಪಿರಲಿ. ಹೋಬಳಿಯ ಲೆಕ್ಕಕ್ಕೂ ನಿಮ್ಮದಕ್ಕೂ ದೊಡ್ಡ ವ್ಯತ್ಯಾಸ ಬಂದರೆ ಗಾಬರಿ ಬೇಡ, ಘಟ್ಟದಲ್ಲಿ ಒಂದು ಗುಡ್ಡ ದಾಟಿದರೆ ಮಳೆಯೇ ಬೇರೆ.

8. ಗಾಳಿಯ ಪಾಲನ್ನು ಬೇರೆ ಮಾಡಿ, ಸ್ಕ್ರೂ ಮುಟ್ಟಬೇಡಿ

ನಾನು ಮಾಡಿದ ದೊಡ್ಡ ತಪ್ಪು ಇಲ್ಲಿದೆ. ಜುಲೈನಲ್ಲಿ ಯಂತ್ರ ಕಮ್ಮಿ ತೋರಿಸುತ್ತಿದೆ ಅಂತ ಗುಣಕವನ್ನು ಏರಿಸಿದೆ. ಯಂತ್ರವೂ ಅಪ್ಪನ ಗೇಜೂ ಸರಿಹೊಂದಿದವು, ಖುಷಿಯಾಯಿತು. ಮುಂದಿನ ಮಾರ್ಚ್‌ನಲ್ಲಿ ಗಾಳಿಯೇ ಇಲ್ಲದ ಸಂಜೆ ಹೂ ಮಳೆ ಬಿತ್ತು. ಯಂತ್ರ ಒಂದು ಇಂಚು ದಾಟಿ ತೋರಿಸಿತು, ಸ್ಪ್ರಿಂಕ್ಲರ್ ಬೇಡ ಅಂತ ನಿರ್ಧರಿಸಿದೆ. ಅಪ್ಪನ ಗೇಜಿನಲ್ಲಿ 85 ಸೆಂಟ್ಸ್ ಇತ್ತು. ಗಾಳಿ ಕದ್ದ ಮಳೆಯನ್ನು ತುಂಬಿಸಲು ಏರಿಸಿದ ಗುಣಕ, ಗಾಳಿ ಇಲ್ಲದ ದಿನ ಇಲ್ಲದ ಮಳೆಯನ್ನು ಸೇರಿಸಿತ್ತು.

ಅದಕ್ಕೇ ಹೇಳುವುದು. ಮೇಜಿನ ಮೇಲೆ ನೀರು ಹರಿಸಿ ಪರೀಕ್ಷಿಸಿದ ಮೇಲೆ ಯಂತ್ರದ ಗುಣಕಕ್ಕೆ ಕೈ ಹಾಕಬೇಡಿ. ಉಳಿದ ವ್ಯತ್ಯಾಸವನ್ನು ಪುಸ್ತಕದಲ್ಲಿ ಹಿಡಿಯಿರಿ. ಪ್ರತಿ ದಿನ ನಾಲ್ಕು ಅಂಕಿ ಬರೆಯಿರಿ: ಕೈ ಗೇಜ್, ಯಂತ್ರ, ಮಳೆ ಬರುತ್ತಿದ್ದಾಗಿನ ಸರಾಸರಿ ಗಾಳಿ, ಒಂದು ಗಂಟೆಯಲ್ಲಿ ಬಿದ್ದ ಅತಿ ಜೋರು ಮಳೆ. 20 ಸೆಂಟ್ಸ್‌ಗಿಂತ ಕಮ್ಮಿ ಬಿದ್ದ ದಿನಗಳನ್ನು ಹೋಲಿಕೆಗೆ ತಗೊಳ್ಳಬೇಡಿ, ಅಲ್ಲಿ ಒಂದೆರಡು ಟಕ್ ಕೂಡ ದೊಡ್ಡ ಶೇಕಡಾ ಆಗಿ ಕಾಣುತ್ತದೆ. ಗಾಳಿ ಕಮ್ಮಿ ಇದ್ದ ದಿನಗಳನ್ನೆಲ್ಲ ಒಂದು ಕಡೆ ಕೂಡಿಸಿ, ಜೋರು ಗಾಳಿಯ ದಿನಗಳನ್ನು ಇನ್ನೊಂದು ಕಡೆ. ಕೈ ಗೇಜಿನ ಮೊತ್ತವನ್ನು ಯಂತ್ರದ ಮೊತ್ತದಿಂದ ಭಾಗಿಸಿ. ಉದಾಹರಣೆಗೆ ಗಾಳಿ ಇಲ್ಲದ ದಿನಗಳಲ್ಲಿ 1.02 ಬಂದು, ಗಾಳಿ ದಿನಗಳಲ್ಲಿ 1.09 ಬಂತು ಅಂದುಕೊಳ್ಳಿ. ಆ 2% ಯಂತ್ರದ್ದು. ಮೇಲಿನ 7%ರಲ್ಲಿ ಜೋರು ಮಳೆಯಲ್ಲಿ ಬಟ್ಟಲು ಬಿಟ್ಟ ಪಾಲು ಎಷ್ಟು ಅಂತ 6ನೇ ಹೆಜ್ಜೆಯಲ್ಲಿ ಬರೆದಿಟ್ಟಿದ್ದರಿಂದ ಅಂದಾಜಿಸಿ ಕಳೆಯಿರಿ, ಉಳಿದದ್ದು ಗಾಳಿಯಿಂದ ಬಂದದ್ದು. ಅದೂ ಜಾಸ್ತಿ ಇದ್ದರೆ 2ನೇ ಹೆಜ್ಜೆಗೆ ವಾಪಸ್ ಹೋಗಿ, ಜಾಗ ಇನ್ನೂ ಸರಿಯಾಗಿಲ್ಲ. ಕೈ ಗೇಜನ್ನೂ ಗಾಳಿ ಸ್ವಲ್ಪ ಕದ್ದಿರುತ್ತದೆ ಅನ್ನುವುದು ನೆನಪಿರಲಿ.

ಯಂತ್ರ ಕೊಟ್ಟ ಮೂಲ ಅಂಕಿಯನ್ನು ಅಳಿಸಬೇಡಿ. ಸರಿಪಡಿಸಿದ್ದನ್ನು ಪಕ್ಕದಲ್ಲಿ ಬೇರೆ ಬರೆಯಿರಿ.

ಮಳೆ ಇಲ್ಲದೆ ಬಂದ ಮಳೆ, ಮಳೆ ಬಂದೂ ಕಾಣದ ಮಳೆ

ಆಕಾಶ ಬಿಳುಪಾಗಿದ್ದು ಬರೀ ಗಾಳಿ ಬೀಸಿದ ದಿನ ಒಂದೆರಡು ಸೆಂಟ್ಸ್ ಕಂಡರೆ ಗೇಜ್ ನಡುಗಿ ಬಟ್ಟಲು ತಾನೇ ವಾಲಿದೆ. ಬೋಲ್ಟ್ ಬಿಗಿ ಮಾಡಿ. ಜೋರು ಮಳೆಯಲ್ಲಿ ಅಂಕಿ ನಿಧಾನಕ್ಕೆ ಏರಿ, ಮಳೆ ನಿಂತು ಗಂಟೆಗಟ್ಟಲೆ ಆದ ಮೇಲೂ ಒಂದೊಂದೇ ಟಕ್ ಬರುತ್ತಿದ್ದರೆ ಆಲಿಕೆಯ ತೂತು ಕಟ್ಟಿದೆ. ಸಿಲ್ವರ್ ಓಕ್ ಎಲೆಯ ತುಂಡು, ಹಕ್ಕಿ ಹಿಕ್ಕೆ, ಪಾಚಿ, ಯಾವುದಾದರೂ ಇರುತ್ತದೆ. ಒಮ್ಮೆ ಬಟ್ಟಲಿನ ಎರಡೂ ಕಡೆಗೆ ಜೇಡ ಒಂದೇ ಒಂದು ಎಳೆ ಕಟ್ಟಿತ್ತು. ಕಣ್ಣಿಗೆ ಕಾಣುವುದೇ ಕಷ್ಟ, ಟಾರ್ಚ್ ಓರೆಯಾಗಿ ಹಿಡಿದಾಗ ಮಿನುಗಿತು. ಅಷ್ಟಕ್ಕೇ ಬಟ್ಟಲು ಅರ್ಧಕ್ಕೆ ನಿಂತು, ನೀರು ಎರಡೂ ಕಡೆಯಿಂದ ಸೋರಿ, ಇಡೀ ದಿನದ ಮಳೆ ಸೊನ್ನೆ ತೋರಿಸಿತ್ತು.

ಮಳೆಗಾಲದಲ್ಲಿ ವಾರಕ್ಕೊಮ್ಮೆ ಮುಚ್ಚಳ ತೆಗೆದು ನೋಡಿ. ಮೆತ್ತನೆಯ ಬ್ರಷ್, ಬರೀ ನೀರು ಸಾಕು. ಬಟ್ಟಲಿನ ಕೀಲಿಗೆ ಎಣ್ಣೆ ಹಾಕಬೇಡಿ, ದೂಳು ಅಂಟಿ ಬಿಗಿಯುತ್ತದೆ. ತೊಳೆಯುವಾಗ ಬೀಳುವ ಟಕ್‌ಗಳೂ ಮಳೆ ಅಂತ ಲೆಕ್ಕ ಆಗುತ್ತವೆ, ಹಾಗಾಗಿ ತೊಳೆಯುವ ಮೊದಲು ಮತ್ತು ಆಮೇಲೆ ಅಂಕಿ ಬರೆದು ಕಳೆಯಿರಿ.

ಊರಿಗೆ ಹೋಗಿ ನಾಲ್ಕು ದಿನ ಕೈ ಗೇಜ್ ಓದಲಿಲ್ಲ ಅಂದರೆ, ಬಂದ ದಿನ ಇರುವ ನೀರನ್ನು "ನಾಲ್ಕು ದಿನದ್ದು" ಅಂತ ಬರೆಯಿರಿ. ನಾಲ್ಕರಿಂದ ಭಾಗಿಸಿ ಹಂಚಬೇಡಿ. ಓದದ ದಿನದ ಎದುರು ಗೆರೆ ಎಳೆಯಿರಿ, ಮಳೆ ಬಾರದ ದಿನದ ಎದುರು ಮಾತ್ರ 0 ಬರೆಯಿರಿ. ಅಪ್ಪನ ಹಳೆಯ ಡೈರಿಗಳಲ್ಲಿ ಎರಡಕ್ಕೂ ಜಾಗ ಖಾಲಿ ಬಿಟ್ಟಿದ್ದಾರೆ. ಆ ಖಾಲಿ ಜಾಗಗಳಲ್ಲಿ ಯಾವುದು ಒಣ ದಿನ, ಯಾವುದು ಅವರು ಮದುವೆಗೆ ಹೋಗಿದ್ದ ದಿನ ಅಂತ ನಾವಿಬ್ಬರೂ ಈಗ ಕೂತು ಒಂದೊಂದೇ ನೆನಪಿಸಿಕೊಂಡು ಗುರುತು ಹಾಕುತ್ತಿದ್ದೇವೆ.